ಗುಂಟೆಯಲ್ಲಿ ಹಿಡಿಯದ ಜಾಗ

ಮೃತ್ಯುಪತ್ರ ಬರೆಸಲು ಅವ್ವ ಇಳಕಲ್ ಸೀರೆ ಉಟ್ಟುಕೊಂಡು ಹೊರಟಳು. ಮದುವೆ, ಉಡಿ ತುಂಬುವ ಕಾರ್ಯ ಬಿಟ್ಟರೆ ಆ ಸೀರೆ ಟ್ರಂಕಿನಿಂದ ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ಸಾಯೂ ಕಾಗದಾ ಬರಸಾಕ ಇಷ್ಟ್ಯಾಕ ಸಿಂಗಾರ ಬೇ?" ಎಂದು ಕಾಡಿದೆ.

"ನಿಮ್ಮಪ್ಪನ ಮಗ್ಗಲ ಜಾಗಾ ಹಿಡ್ಯಾಕ ಹೊಂಟೇನಿ. ಹರಕ ಸೀರಿ ಉಟಗೊಂಡ ಹೋಗ್ಲೇನು?" ಎಂದಳು.

ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಕೂತ ಭಂಗಿಯಲ್ಲಿ ಹೂಳುತ್ತೇವೆ. ಹೊಲ ಇದ್ದವರು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅಪ್ಪನನ್ನೂ ಮುಧೋಳದ ಹತ್ತಿರ ನಮ್ಮ ಕೆಳಗಿನ ಹೊಲದ ಬದುವಿನಲ್ಲಿ ಕೂಡಿಸಿ, ಮೇಲೆ ಕಲ್ಲಿನ ಕಟ್ಟೆ ಕಟ್ಟಿಸಿದ್ದೆವು. ಪಕ್ಕದಲ್ಲಿ ಇನ್ನೊಬ್ಬರಿಗೆ ಸಾಲುವಷ್ಟು ಜಾಗವನ್ನು ಅವ್ವ ಅವತ್ತೇ ಕಣ್ಣಲ್ಲಿ ಹಿಡಿದಿದ್ದಳು. ಅಮಾವಾಸ್ಯೆಗೆ ಎಡೆ ತೆಗೆದುಕೊಂಡು ಹೋದಾಗಲೆಲ್ಲ ಅಲ್ಲಿಯ ಕಸ ಕೀಳುತ್ತಿದ್ದಳು, ತನ್ನ ಹಾಸಿಗೆಯನ್ನು ತಾನೇ ಹಾಸಿಕೊಳ್ಳುವವಳ ಹಾಗೆ.

ಅಪ್ಪ ಏನನ್ನೂ ಬರೆದಿಟ್ಟಿರಲಿಲ್ಲ. ಬರೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ. ಬರೆಸದೆ ಇದ್ದದ್ದಕ್ಕೆ ಹೆಚ್ಚೇನೂ ಆಗಲಿಲ್ಲ, ಅರವತ್ತು ದಾಟುವ ಮೊದಲೇ ಹೋದ. ವರ್ಷ ತುಂಬುವುದರೊಳಗೆ ಹಿರಿಯರು ಪಡಸಾಲೆಯಲ್ಲಿ ಕೂತು ವಾಟ್ನಿ ಮಾಡಿ ಆಸ್ತಿ ಹಂಚಿದರು. ಮೇಲಿನ ಹೊಲ, ಜಮಖಂಡಿಯ ಪೈಪಿನ ಅಂಗಡಿ ಅಣ್ಣನಿಗೆ. ಕೆಳಗಿನ ಹೊಲ, ಊರ ಮನೆ ತಮ್ಮನಿಗೆ. ಬನಹಟ್ಟಿಗೆ ಕೊಟ್ಟ ಮಗಳಾದ ನಾನು ಒಂದು ಸೀರೆ ಉಡಿಯಲ್ಲಿ ಹಾಕಿಸಿಕೊಂಡು, ತೋರಿಸಿದ ಕಡೆ ಸಹಿ ಮಾಡಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಮಾಡುವುದು ಇದನ್ನೇ.

ಬರೆಯುತ್ತಿದ್ದ ಬಾಂಡ್ ರೈಟರ್ ನಡುವೆ ತಲೆ ಎತ್ತಿ, "ಸಮಾಧಿ ಜಾಗಾ ಯಾರ ಪಾಲಿಗಿ ಹಿಡೀಲಿರೀ?" ಎಂದು ಕೇಳಿದ. ಕಾಕಾನಿಗೆ ಸಿಟ್ಟು ಬಂತು.

"ನಮ್ಮಣ್ಣನ ಮೈ ಗುಂಟೆದಾಗ ಅಳೀತೀಯೇನ? ಅದು ಎಲ್ಲಾರದೂ ಐತಿ. ಬರ್ಯಾಕ ಹೋಗಬ್ಯಾಡ."

ಹೌದು ಹೌದು ಎಂದರು ಎಲ್ಲರೂ. ಅವ್ವನ ಹೆಸರಿನಲ್ಲೂ ಒಂದು ಪಾಲು ಇರಲಿ ಎಂದು ಅದೇ ಬಾಂಡ್ ರೈಟರ್ ಹೇಳಿ ನೋಡಿದ. ಒಳಬಾಗಿಲ ಮರೆಯಿಂದ ಅವ್ವನೇ ಉತ್ತರ ಕೊಟ್ಟಳು.

"ಗಂಡನ ಮಣ್ಣು ಆರಿಲ್ಲ, ನಾ ಪಾಲ ಕೇಳಲೇನು? ಮಕ್ಕಳ ಹೊಲಾ ಅಂದ್ರ ನನ್ನ ಹೊಲಾನ."

ಎಂಥ ದೊಡ್ಡ ಮನಸ್ಸು ಎಂದು ಹಿರಿಯರು ಹೊಗಳಿದರು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು, ಚಹಾ ಕುಡಿದು ಎದ್ದರು. ಆ ಹೊಗಳಿಕೆ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲರದೂ ಅಂದ ಜಾಗ ಯಾರ ಹೆಸರಿಗೂ ಹತ್ತಲಿಲ್ಲ ಅಂದುಕೊಂಡಿದ್ದೆವು. ಹತ್ತಿತ್ತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಡೀ ಕೆಳಗಿನ ಹೊಲ, ಅಪ್ಪನ ಕಟ್ಟೆಯೂ ಸೇರಿ, ತಮ್ಮನ ಹೆಸರಿಗೆ ಬಂದಿತ್ತು.

ತಮ್ಮ ಕೆಟ್ಟವನಲ್ಲ. ಅವನನ್ನು ಬೈಯುವುದು ಸುಲಭ, ಆದರೆ ಬಾಯಿ ಬರುವುದಿಲ್ಲ. ಕೆಲವು ವರ್ಷಗಳ ಮೇಲೆ ಸಾವಳಗಿಯಲ್ಲಿ ಇದಕ್ಕಿಂತ ದೊಡ್ಡದೊಂದು ನೀರಾವರಿ ಹೊಲ ಸಿಕ್ಕಿತು. ಕೆಳಗಿನ ಹೊಲ ಮಾರಿ ಅದನ್ನು ಕೊಂಡ. ಒಳ್ಳೆಯ ಒಕ್ಕಲಿಗ ಮಾಡುವ ಕೆಲಸವನ್ನೇ ಮಾಡಿದ. ಅಷ್ಟೊತ್ತಿಗೆ ಅವ್ವ ಜಮಖಂಡಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಸುದ್ದಿ ಕೇಳಿ ಒಂದೇ ಮಾತು ಕೇಳಿದಳು.

"ನನ್ನ ಜಾಗಾ ಬಿಟ್ಟ ಮಾರೀಯಿಲ್ಲೋ?"

"ಮಾತಾಡೇನಿ ಯವ್ವಾ. ಕೊಂಡವ್ರು ಛಲೋ ಮಂದಿ ಅದಾರ."

ಮಾತಾಡಿದ್ದು ಖರೆ. ಖರೀದಿ ಪತ್ರದಲ್ಲಿ ಮಾತ್ರ ಅದು ಇರಲಿಲ್ಲ.

ಅವ್ವನಿಗೆ ಅಂಜಿಕೆ ಹೊಕ್ಕಿತು. ತಾನೇ ಒಂದು ಮೃತ್ಯುಪತ್ರ ಬರೆಸುತ್ತೇನೆಂದು ಹಟ ಹಿಡಿದಳು. ಹಾಗೆ ಇಳಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು, ಜಮಖಂಡಿಯ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕೂತ ಒಬ್ಬ ಬಾಂಡ್ ರೈಟರ್ ಮುಂದೆ ಬಂದಳು. ಏನೇನು ಆಸ್ತಿ ಇದೆ ಎಂದು ಅವನು ಕೇಳಿದ.

"ಕೊರಳಾಗಿನ ಬೋರಮಾಳ ಮಗಳಿಗಿ, ಎಮ್ಮಿ ಸೊಸಿಗಿ. ಅವು ಹೆಂಗರ ಆಗ್ಲಿ. ಮದಲ ಇದನ್ನ ಬರಿ ತಮ್ಮಾ. ನನ್ನ ಮಣ್ಣು ನಮ್ಮ ಯಜಮಾನರ ಮಗ್ಗಲಕ ಆಗಬೇಕು."

ಹೊಲ ಯಾರ ಹೆಸರಿಗಿದೆ ಎಂದು ಕೇಳಿದ. ನಾನು ಹೇಳಿದೆ. ಅವನು ಪೆನ್ನು ಕೆಳಗಿಟ್ಟ.

"ಆಯಿ, ನಿಮ್ಮ ಹೆಸರಿಲೆ ಇದ್ದದ್ದನ್ನ ಅಷ್ಟ ಬರ್ಯಾಕ ಬರ್ತೈತಿ. ಮಂದಿ ಹೊಲಾ ಹೆಂಗ ಬರೀಲಿ?"

"ಮಂದಿ ಹೊಲಾ ಅಲ್ಲೋ ಅದು. ನನ್ನ ಗಂಡ ಅದಾನ ಅಲ್ಲಿ."

ಅವನು ನನ್ನ ಕಡೆ ತಿರುಗಿ, "ವಾಟ್ನಿಯಾಗ ಒಂದ ಗುಂಟೆ ಇವರ ಹೆಸರಿಲೆ ಹಿಡದು, ಹೋಗಿ ಬರಾಕ ದಾರಿ ಬರಸಿದ್ರ ಆತಿತ್ರೀ ಅಕ್ಕಾರ" ಎಂದ. ಅವನ ದನಿಯಲ್ಲಿ ತಪ್ಪು ಹೊರಿಸುವ ಧಾಟಿ ಇರಲಿಲ್ಲ. ಅವ್ವ ಬೋರಮಾಳವನ್ನೂ ಬರೆಸಲಿಲ್ಲ, ಎದ್ದುಬಿಟ್ಟಳು.

ಮರುವಾರ ಅಣ್ಣ, ತಮ್ಮ, ನಾನು ಮೂವರೂ ಹೊಲ ಕೊಂಡವರ ಮನೆಗೆ ಹೋದೆವು. ವಯಸ್ಸಾದ ಮನುಷ್ಯ, ಮಜ್ಜಿಗೆ ಕೊಟ್ಟು ಕೂಡಿಸಿದ. "ಬರ್ರಿ, ನಾ ಬ್ಯಾಡ ಅನ್ನಾಂಗಿಲ್ಲ. ನಿಮ್ಮಪ್ಪಗ ದಿನಾ ಕೈ ಮುಗದ ಕಬ್ಬಿಗಿ ನೀರ ಬಿಡ್ತೇನಿ" ಎಂದ. ಅಷ್ಟನ್ನು ಬರೆದುಕೊಡುತ್ತೀರಾ ಎಂದಾಗ ಮಾತ್ರ ತಲೆ ಕೆರೆದುಕೊಂಡ. "ಅದಕ್ಕ ನಮ್ಮ ಹುಡುಗೂರು ಒಪ್ಪಾಂಗಿಲ್ರಿ. ನನ್ನ ಮಾತ ಐತೆಲ್ಲ." ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಗೆದ್ದು ಬಂದವರಂತೆ ಬಸ್ಸು ಹತ್ತಿದೆವು.

ಅವ್ವ ಪೂರ್ತಿ ಕೇಳಿಸಿಕೊಂಡಳು.

"ಇವತ್ತ ಅವಾ ಹೂಂ ಅಂತಾನ. ನಾಳಿ ಅವನ ಮಕ್ಕಳು ಟ್ರ್ಯಾಕ್ಟರ್ ಹೊಡದ್ರ ಯಾರ ಮುಂದ ಹೋಗ್ತೀರಿ? ಬಾಯಿಮಾತ ನಂಬಿ ಬದುಕೇನಿ, ಸಾಕು. ಬಾಯಿಮಾತ ನಂಬಿ ಮಣ್ಣಾಗಾಂಗಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ, ತನ್ನನ್ನು ಜಮಖಂಡಿಯ ರುದ್ರಭೂಮಿಯಲ್ಲೇ ಮಣ್ಣು ಮಾಡಬೇಕೆಂದಳು. ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದನ್ನೂ ನಿಲ್ಲಿಸಿದಳು. ಕೊನೆಯ ದಿನಗಳಲ್ಲಿ ತಮ್ಮ ಅವಳ ಕಾಲ ಹತ್ತಿರ ಕೂತು, ಆ ಹೊಲವನ್ನು ಹೆಂಗಾದರೂ ಮಾಡಿ ವಾಪಸ್ಸು ಕೊಳ್ಳುತ್ತೇನೆ ಎನ್ನುತ್ತಿದ್ದ. ಅವಳು ಅವನ ತಲೆ ಸವರುತ್ತಿದ್ದಳೇ ಹೊರತು ಹೂಂ ಅನ್ನಲಿಲ್ಲ.

ಅವಳು ಹೇಳಿದಂತೆಯೇ ಜಮಖಂಡಿಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಕುಣಿಗೆ ಇಳಿಸುವಾಗ ತಮ್ಮ ತಡೆದ.

"ಅಯ್ನಾರ, ಅಪ್ಪನ ಹೊಲದ ಕಡೆ ಮುಖಾ ಮಾಡಿ ಕೂಡಸ್ರಿ. ಅಷ್ಟರ ಮಾಡ್ರಿ."

"ಮುಖಾ ಉತ್ತರಕ್ಕ ಇರಬೇಕೋ ತಮ್ಮಾ" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, ಮೆತ್ತಗೆ.

ಮುಧೋಳ ಇರುವುದು ಜಮಖಂಡಿಯ ದಕ್ಷಿಣಕ್ಕೆ. ಅಪ್ಪನನ್ನೂ ಉತ್ತರಕ್ಕೇ ಮುಖ ಮಾಡಿ ಕೂಡಿಸಿದ್ದೆವು. ಅವನು ಆ ಕಬ್ಬಿನ ನಡುವೆ ಇತ್ತ ಕಡೆಗೇ ನೋಡುತ್ತ ಕೂತಿದ್ದಾನೆ. ಅವ್ವನನ್ನು ನಾವು ಅವನಿಗೆ ಬೆನ್ನು ಮಾಡಿ ಕೂಡಿಸಿ ಬಂದೆವು.