ಲಿಫ್ಟ್ ಸಾಹೇಬರ ‘ಥಿಯರೆಟಿಕಲಿ’

‘ಥಿಯರೆಟಿಕಲಿ ಸರಿಯಿದೆ’ ಅಂದರೆ ಸರಿಯಿದೆ ಅಂತಲ್ಲ, ಯಾರೂ ನೋಡಿಲ್ಲ ಅಂತ. ಆಸ್ಪತ್ರೆಯ ಲಿಫ್ಟ್ ತಪಾಸಣೆಗೆ ಬರುವ ಸಾಹೇಬರು ಈ ಒಂದೇ ಮಾತಿನಲ್ಲಿ ಇಪ್ಪತ್ತು ವರ್ಷ ನೌಕರಿ ದಬ್ಬಿದವರು. ತಂತಿಹಗ್ಗ ಸವೆದಿದೆಯಲ್ಲ ಅಂದರೆ “ಥಿಯರೆಟಿಕಲಿ ಎಂಟು ಜನರ ಭಾರ ತಡೆಯುತ್ತೆ” ಅನ್ನುವರು; ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ “ಥಿಯರೆಟಿಕಲಿ ಬಂದೆ ಕಣೇ” ಅಂದು ಪೇಪರಿನಿಂದ ತಲೆ ಎತ್ತರು. ಲಿಫ್ಟಿನ ತಪಾಸಣೆ ಕಾರ್ಡಿಗೆ ಕೆಳಗೇ ನಿಂತು ಸಹಿ ಹಾಕಿ, ತಾವು ಮಾತ್ರ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವರು. ಮೊನ್ನೆ ಅವರು ಸಹಿಗೆಂದು ಪೆನ್ನು ತೆಗೆದಾಗ, ಆಪರೇಷನ್ ಆದ ಮುದುಕಿಯೊಬ್ಬಳನ್ನು ಸ್ಟ್ರೆಚರಿನಲ್ಲಿ ಮೇಲಿನ ವಾರ್ಡಿಗೆ ಒಯ್ಯಲು ಆಯಾ ಕಾಯುತ್ತಿದ್ದಳು. “ಬನ್ನಿ ಸಾರ್, ನೀವೂ ನಮ್ ಜೊತೆಗೇ ಹತ್ತಿ” ಅಂದಳು. “ಥಿಯರೆಟಿಕಲಿ…” ಎಂದವರ ಕಣ್ಣು ಮುದುಕಿಯ ಮುಖದ ಮೇಲೆ ಬಿತ್ತು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. “ಬೇಡಮ್ಮ, ಇದು ಬೀಳುತ್ತೆ. ನಂಗೆ ಮೂರು ವರ್ಷದಿಂದ ಗೊತ್ತು” ಎಂದು ತಾವೇ ಲಿಫ್ಟಿಗೆ ಬೀಗ ಜಡಿದರು. “ಅಂತೂ ಬಾಯಿ ಬಿಟ್ರಲ್ಲ, ಬದುಕ್ಕೊಂಡ್ವಿ” ಎಂದು ಆಯಾ ನಿಟ್ಟುಸಿರಿಟ್ಟಳು. ಮೆಟ್ಟಿಲು ಹತ್ತಿಸಲು ಸ್ಟ್ರೆಚರಿನ ಒಂದು ತುದಿಗೆ ಹೆಗಲು ಕೊಟ್ಟ ಸಾಹೇಬರ ಮುಖದಲ್ಲೂ ಹೊರೆ ಇಳಿಸಿದವರ ಕಳೆ. ಮುದುಕಿ ಉಳಿದಳು, ಸರಿ. ಆದರೆ ನೀವು ದಿನಾ ಹತ್ತುವ ಲಿಫ್ಟಿಗೂ ಯಾರೋ ಕೆಳಗೆ ನಿಂತೇ ಸಹಿ ಹಾಕಿದ್ದಾರೆ. ಮುಂದಿನ ಸಲ ಅವರನ್ನು ಮೊದಲು ಒಳಗೆ ಹತ್ತಿಸಿ, ಆಮೇಲೆ ಪೆನ್ನು ಕೊಡಿ.