ಸೋದರಮಾವನ ತೊಡೆ

ನಮ್ಮ ದೇವರಾಜಣ್ಣ ಬಂದರೆ ಮೊದಲು ಅವನ ಮೀಸೆ ಬಾಗಿಲು ದಾಟುತ್ತಿತ್ತು, ಹಿಂದೆ ಅವನು. ದಂಡಿಗನಹಳ್ಳಿಯಲ್ಲಿ ತೆಂಗಿನಕಾಯಿ ವ್ಯಾಪಾರ ಅವನದು. ಒಡಹುಟ್ಟಿದವರು ನಾವಿಬ್ಬರೇ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನನಗೆ ಮಗ ಹುಟ್ಟಿದಾಗ ಆಸ್ಪತ್ರೆಯಲ್ಲೇ, "ಮುಡಿ ತೆಗ್ಸೋದು ನನ್ ತೊಡೆ ಮ್ಯಾಲೆ ಕಣ್ಲಾ, ಸೋದರಮಾವ ನಾನು!" ಎಂದು ಕಂಡವರಿಗೆಲ್ಲ ಸಾರಿದ್ದ. ಭಾನುವಾರ ಬಂತೆಂದರೆ ಹಾಸನದ ಬಸ್ಸು ಹತ್ತುತ್ತಿದ್ದ. ಮಗುವೂ ಅವನ ಮೀಸೆ ಜಗ್ಗಿ ಕೇಕೆ ಹಾಕುತ್ತಿತ್ತು.

ಎಂಟು ತಿಂಗಳು ತುಂಬಿದ ಮೇಲೆ ಅದೇ ಮಗು ಅವನನ್ನು ಕಂಡೊಡನೆ ಕಿಟಾರನೆ ಕಿರುಚಿ ನನ್ನ ಕುತ್ತಿಗೆ ತಬ್ಬಿಕೊಂಡಿತು. ಅಣ್ಣನ ಮುಖ ಸಣ್ಣದಾಯಿತು.

"ಕೂಸಿಗೆ ಏನೋ ಕಾಣ್ತದೆ ಅಂತಾರೆ. ನಂಗೇನಾರ ಕೇಡು ಐತೇನವ್ವ?"

"ಥೂ, ಬಿಡ್ತು ಅನ್ನು!" ಎಂದು ಗದರಿದೆ.

ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮನನ್ನು ಕೇಳಿದೆ. ಈ ವಯಸ್ಸಿಗೆ ಮಕ್ಕಳು ಹೀಗೆಯೇ, ದಿನಾ ನೋಡುವ ಮುಖ ಯಾವುದು, ಅಪರೂಪದ್ದು ಯಾವುದು ಎಂದು ತಿಳಿಯಲು ಶುರುವಾಗಿದೆ, ಒಳ್ಳೆಯದೇ, ಎಳೆದು ಎತ್ತಿಕೊಳ್ಳಬೇಡಿ, ತಾನಾಗಿ ಬರುತ್ತದೆ ಎಂದರು. ಅಣ್ಣನಿಗೆ ಹೇಳಿದೆ.

"ಅಂಗಾರೆ ನಾನು ಅಪರೂಪದೋನಾ?" ಎಂದ.

ಮರುವಾರ ಮೀಸೆ ಬೋಳಿಸಿಕೊಂಡೇ ಬಂದ! ನಮ್ಮ ಕಡೆ ಅಪ್ಪ ಸತ್ತಾಗ ತೆಗೆಸುವ ಮೀಸೆ ಅದು. "ಬಸ್ಸಲ್ಲಿ ಯಾರು ತೀರ್ಕಂಡ್ರು ಅಂತ ಕೇಳುದ್ರು ಕಣವ್ವ." ಆ ಬೋಳು ಮುಖ ಕಂಡು ಮಗು ಇನ್ನಷ್ಟು ರಚ್ಚೆ ಹಿಡಿಯಿತು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ಅವನು ನರ್ಸಮ್ಮನ ಮಾತನ್ನು ವ್ರತದಂತೆ ಹಿಡಿದ. ಬಂದವನೇ ಗೋಡೆಗೆ ಮುಖ ಮಾಡಿ ಕೂರುವುದು, ಕಾಫಿ ಕುಡಿಯುವುದೂ ಸದ್ದಿಲ್ಲದೆ. ಊರಿಗೆಲ್ಲ ಕೇಳುವ ಗಂಟಲಿನವನು, ಪಾಪ! ಒಂದು ಭಾನುವಾರ ಮಗು ಅಂಬೆಗಾಲಿಟ್ಟು ಹೋಗಿ, ಹಿಂದಿನಿಂದ ಅವನ ಅಂಗಿ ಹಿಡಿದು ಎದ್ದು ನಿಂತಿತು. ಅಣ್ಣ ಅಲ್ಲಾಡಲಿಲ್ಲ.

"ತಿರುಗ್ಲೇನವ್ವ?" ಎಂದು ಪಿಸುಗುಟ್ಟಿದ.

"ಬ್ಯಾಡ ಕಣಣ್ಣ, ಎದರ್ಕತ್ತದೆ. ಮುಂದಿನ ವಾರ ನೋಡನ."

ಹೂಂ ಎಂದು ಹಾಗೇ ಕೂತು ಕಣ್ಣೊರೆಸಿಕೊಂಡ.

ಮುಂದಿನ ವಾರ ಬರಲಿಲ್ಲ. ಗುರುವಾರ ಕಾಯಿ ರಾಶಿಯ ಪಕ್ಕ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಮುಡಿ ಮುಂದಿನ ವರ್ಷಕ್ಕೆ ಹೋಯಿತು. ಅಷ್ಟರಲ್ಲಿ ಮಗನಿಗೆ ಆ ಹೆದರಿಕೆಯೆಲ್ಲ ಹೋಗಿ, ಕೈ ಚಾಚಿದವರ ಬಳಿಗೆಲ್ಲ ಹೋಗುತ್ತಿದ್ದ. ಕ್ಷೌರದವರು ಕತ್ತಿ ಹಿಡಿದು, "ಸೋದರಮಾವ ಯಾರು? ಬನ್ನಿ ಸಾ, ಕೂತ್ಕಳಿ," ಎಂದು ಕರೆದರು. ನಮ್ಮ ದೊಡ್ಡಪ್ಪನ ಮಗ ಹೋಗಿ ಕೂತ. ಮಗ ಆ ತೊಡೆಯೇರಿ ಪಕಪಕ ನಗತೊಡಗಿದ. ಅಳೋ, ಒಂದು ಸಲವಾದರೂ ಅಳೋ ಎಂದು ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ.