ಬ್ಲಫ್ಫಿನ ಪೀರ್ ಸಾಬರ ಲಕೋಟೆಗಳು

ಪೀರ್ ಸಾಬರು ಉಪ್ಪನ್ನು ಮೂಗಿನಿಂದ ಅಳೆಯುತ್ತಿದ್ದರು. ಕುದಿಯುವ ಪಾತ್ರೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದುಕೊಂಡು "ಇನ್ನೊಂದು ಚಿಟ್ಕೆ" ಎನ್ನುವರು. ಹಾಕಿದ ಮೇಲೆ ತಿಂದು ನೋಡಿದರೆ ಸರಿಯಾಗಿಯೇ ಇರುತ್ತಿತ್ತು. ರಂಜಾನ್ ತಿಂಗಳಲ್ಲಿ ತಾವು ರೋಜಾ ಉಪವಾಸವಿದ್ದು ಇಂಗ್ಲಿಷ್ ದೊರೆಗೆ ಸೂಪು ಮಾಡಿ ಮಾಡಿ ಕಲಿತ ವಿದ್ಯೆ ಅದು. "ನಾಲ್ಗೆಗೆ ಮುಟ್ಟಿಸಂಗಿಲ್ಲ, ಸಪ್ಪೆಯಾದ್ರೆ ದೊರೆ ಬುಡಾಕಿಲ್ಲ. ಮೂಗ್ಗೆ ರೋಜಾ ಇಲ್ವಲ್ಲ ಮೇಷ್ಟ್ರೆ!" ಎಂದು ನಗುತ್ತಿದ್ದರು.

ನಾನು ಮದ್ದೂರಿನ ಶಾಲೆಗೆ ಮೇಷ್ಟ್ರಾಗಿ ಬಂದಾಗ ನನಗೆ ಇಪ್ಪತ್ನಾಲ್ಕು, ಅವರಿಗೆ ಅರವತ್ತರ ಹತ್ತಿರ. ನನ್ನ ಬಾಡಿಗೆ ಮನೆಯ ಎದುರಿಗೇ ಅವರ ಮನೆ. ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಇಂಜಿನಿಯರಾಗಿದ್ದ ಒಬ್ಬ ದೊರೆಯ ಬಂಗಲೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ್ದರು. ದೊರೆ ತೀರಿಕೊಂಡ ಮೇಲೆ ಮದ್ದೂರಿಗೆ ಬಂದು, ಹಿತ್ತಲಲ್ಲಿ ಒಲೆ ಕಟ್ಟಿಕೊಂಡು, ಹೆಂಡತಿ ಬೀಬಮ್ಮ ನಾದಿಕೊಟ್ಟ ಹಿಟ್ಟಿನಲ್ಲಿ ಬನ್ನು ಬೇಯಿಸಿ ರೈಲ್ವೆ ಸ್ಟೇಷನ್ನಿನಲ್ಲಿ ಮಾರುತ್ತಿದ್ದರು. ಬನ್ನು ಕೊಡುವಾಗಲೂ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಸ್ವಲ್ಪ ಬಾಗುವರು. ಮೂರನೇ ಕ್ಲಾಸಿನ ಡಬ್ಬಿಯಲ್ಲಿ ಕೂತ ರೈತನಿಗೂ ಅದೇ ಮರ್ಯಾದೆ. ಒಂದು ದಿನ ಬನ್ನೆಲ್ಲ ಸೀದುಹೋದಾಗ ಬುಟ್ಟಿ ಹೊತ್ತು ಓಡುತ್ತಾ ಹೇಳಿದ್ದರು: "ಕೆಟ್ಟಿದ್ದನ್ನ ಬಿಸಿಬಿಸಿಯಾಗೇ ಬಡಿಸ್ಬುಡ್ಬೇಕು ಮೇಷ್ಟ್ರೆ. ಆರಾಕ್ ಬುಟ್ರೆ ಎಲ್ಲಾರ್ಗೂ ತಿಳ್ದೋಯ್ತದೆ."

ದೊರೆಗೆ ಮದುವೆಯಾಗಿರಲಿಲ್ಲ. ಸಾಯುವ ಮುಂಚೆ ಅವರು ಪೀರ್ ಸಾಬರಿಗೆ ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು. ಅದರ ತುಂಬ ಹಳೆಯ ಲಕೋಟೆಗಳು. ದೊರೆಗೆ ದೇಶದೇಶಗಳಿಂದ ಬಂದವು, ದೊರೆಯ ತಂದೆ ಕೂಡಿಟ್ಟವು. ಭಾನುವಾರ ಮಧ್ಯಾಹ್ನ ದೊರೆ ಅವನ್ನು ಹರಡಿಕೊಂಡು ಕೂತರೆ ಪೀರ್ ಸಾಬರು ಪಕ್ಕದಲ್ಲಿ ಚಿಮಟ ಹಿಡಿದು ನಿಲ್ಲಬೇಕಿತ್ತಂತೆ. ಅವರಿಗೆ ಓದು ಬಾರದು. ಆದರೆ ಸ್ಟಾಂಪಿನ ಮೇಲಿನ ಒಂಟೆ, ಹಡಗಿನ ಚಿತ್ರ ನೋಡಿಯೇ ಒಂದೊಂದನ್ನೂ ಗುರುತಿಸಬಲ್ಲರು. "ಇದು ಒಂಟೆ ಊರು. ಇದು ಅಡಗು ಊರು." ಸ್ಟಾಂಪು ಮಾತ್ರ ಬಿಡಿಸಿ ಕೊಡಿ ಎಂದು ನಮ್ಮ ಶಾಲೆಯವರೊಬ್ಬರು ಕೇಳಿದ್ದಕ್ಕೆ ಸಿಟ್ಟಾಗಿದ್ದರು. "ಕೋಳಿ ಸುಲೀಬೋದು, ಲಕೋಟೆ ಸುಲೀಬಾರ್ದು ಅಂತ ದೊರೆ ಯೋಳವ್ರೆ."

ಎರಡನೇ ಮಹಾಯುದ್ಧ ಶುರುವಾದ ಮಾರನೆಯ ವರ್ಷ ಬೀಬಮ್ಮನ ಕಣ್ಣು ಮಂಜಾಗತೊಡಗಿತು. ಕಣ್ಣೊಳಗೆ ಒತ್ತಡ ಏರುತ್ತಿದೆ, ಬೇಗ ಆಪರೇಷನ್ ಆಗಬೇಕು ಎಂದರು ಮೈಸೂರಿನ ಡಾಕ್ಟರು. ಬನ್ನು ಮಾರಿ ಬದುಕುವವರಿಗೆ ಅದು ಎಟುಕುವ ಮಾತಲ್ಲ. ನನ್ನ ಸಂಬಳ ನನ್ನ ಮನೆಗೇ ಸಾಲದು. ಪೀರ್ ಸಾಬರು ಪೆಟ್ಟಿಗೆಯನ್ನು ನನ್ನ ಜಗುಲಿಗೆ ತಂದಿಟ್ಟರು.

"ಮಾರ್ಬುಡಾನ ಮೇಷ್ಟ್ರೆ. ಕದ್ದಿದ್ದು ಅಂತ ಯಾರೂ ಅನ್ನಂಗಿಲ್ಲ. ದೊರೆ ಕೈಯಾರೆ ಬರ್ದವ್ರೆ, ನೋಡಿ" ಎಂದು ಮುಚ್ಚಳದ ಒಳಗೆ ಬೆರಳಿಟ್ಟು ತೋರಿಸಿದರು.

ಪೆನ್ಸಿಲಿನಲ್ಲಿ ಇಂಗ್ಲಿಷ್ ಬರಹ. ಅದರ ಅರ್ಥ ಹೀಗಿತ್ತು: "ಇವೆಲ್ಲ ಪೀರ್‌ಗೆ. ಮನೆಯಲ್ಲಿದ್ದ ಬೇರೆಲ್ಲವನ್ನೂ ಈ ಮುದಿ ಕಳ್ಳ ಆಗಲೇ ಲಪಟಾಯಿಸಿದ್ದಾನೆ." ಹಾಸ್ಯವೆಂದು ನನಗೆ ಹೊಳೆಯಿತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬಹುಮಾನಕ್ಕೆ ಕಾದವರ ಹಾಗೆ.

"ನನ್ನ ಪ್ರೀತಿಯ ಪೀರ್‌ಗೆ ಅಂತ ಇದೆ" ಎಂದುಬಿಟ್ಟೆ.

ಅವರು ಕಣ್ಣೊರೆಸಿಕೊಂಡರು.

ಮಂಡ್ಯದಲ್ಲಿ ಇಂಥವನ್ನು ಕೊಳ್ಳುವ ವಕೀಲರೊಬ್ಬರಿದ್ದರು. ಒಳ್ಳೆಯ ಮನುಷ್ಯರೇ, ಪೀರ್ ಸಾಬರಿಗೂ ಕುರ್ಚಿ ಹಾಕಿಸಿದರು. ಲಕೋಟೆಗಳನ್ನು ನೋಡುತ್ತಾ ಅವರ ಮುಖ ಅರಳಿತು. ಎಲ್ಲವನ್ನೂ ಕೊಳ್ಳುತ್ತೇನೆ, ಇಷ್ಟೊಂದು ನಿಮಗೆ ಹೇಗೆ ಬಂತು ಎಂದು ಸಹಜವಾಗಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪೀರ್ ಸಾಬರು ಮುಚ್ಚಳವನ್ನು ಅವರ ಕಡೆ ತಿರುಗಿಸಿ, "ಓದಿ ಸ್ವಾಮಿ, ದೊರೆ ಬರ್ದವ್ರೆ" ಎಂದರು.

ವಕೀಲರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ನನ್ನೊಡನೆ ಇಂಗ್ಲಿಷಿನಲ್ಲಿ ಮಾತು. "ಇದು ದಾನಪತ್ರವೋ, ದೂರೋ?"

"ತಮಾಷೆಗೆ ಬರೆದದ್ದು ಸಾರ್."

"ಆ ದೊರೆಯನ್ನು ನೀವು ನೋಡಿದ್ದಿರಾ?"

"ಇಲ್ಲ."

"ಮತ್ತೆ ತಮಾಷೆ ಅಂತ ಹೇಗೆ ಹೇಳುತ್ತೀರಿ? ಕದ್ದ ಮಾಲು ಕೊಂಡ ಅಂತ ನಾಳೆ ನನ್ನ ಮೇಲೆ ಬಂದರೆ? ದೊರೆಯ ಕಡೆಯವರಿಗೆ ಬರೆದು ಕೇಳುತ್ತೇನೆ. ಉತ್ತರ ಬರುವವರೆಗೆ ಪೆಟ್ಟಿಗೆ ಇಲ್ಲಿರಲಿ. ಬೇಡ ಅನ್ನುವುದಾದರೆ ಪೊಲೀಸರನ್ನೇ ಕೇಳೋಣ."

ಪೀರ್ ಸಾಬರು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಾ ನಗುತ್ತಲೇ ಇದ್ದರು. ಪೊಲೀಸ್ ಎಂಬ ಮಾತು ಕೇಳಿದಾಗ ಮಾತ್ರ ನಗೆ ನಿಂತಿತು. ವಕೀಲರು ಅವರಿಗೆ ಎದ್ದೇಳಲು ಹೇಳಿದರು.

ರೈಲಿಗೆ ಕಾಯುತ್ತಾ ಮಂಡ್ಯದ ಪ್ಲಾಟ್‌ಫಾರಂ ಮೇಲೆ ನಾನು ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಓಲ್ಡ್ ಥೀಫ್ ಅಂತ ಐತಾ?" ಎಂದು ಕೇಳಿ, ಜೋರಾಗಿ ನಕ್ಕರು. "ಅವ್ರು ನನ್ನ ಕರೀತಿದ್ದೇ ಅಂಗೆ! ಡಾಕ್ಟ್ರು ಬ್ರಾಂದಿ ಕೊಡ್ಬೇಡ ಅಂದಿದ್ರು. ನಾನು ಬಾಟ್ಲಿ ಎಲ್ಲಾ ಇದ್ಲು ಡಬ್ಬದೊಳಗೆ ಬಚ್ಚಿಡ್ತಿದ್ದೆ. ಸಂಜೆಯಾದ್ರೆ ಮನೆಯೆಲ್ಲಾ ಉಡುಕ್ತಾ, ಓಲ್ಡ್ ಥೀಫ್, ಓಲ್ಡ್ ಥೀಫ್ ಅಂತ ಕೂಗೋರು."

ನಗು ನಿಧಾನಕ್ಕೆ ಇಳಿಯಿತು. "ನೀವ್ ಮೊದ್ಲೇ ಯೋಳಿದ್ರೆ, ಈ ಕತೆ ಯೋಳಿ ವಕೀಲ್ರನ್ನ ನಾನೇ ನಗಿಸ್ತಿದ್ನಲ್ಲ ಮೇಷ್ಟ್ರೆ" ಎಂದರು. ಆಮೇಲೆ ಹಳಿಯ ಕಡೆ ನೋಡುತ್ತಾ, "ದೊರೆ ನನ್ ಎಸ್ರು ಬರ್ದಿದ್ದು ಅದೊಂದೇ ಸಲ. ಅದ್ನೂ ನಂಗೆ ಬ್ಯಾರೆ ಮಾಡಿ ಯೋಳ್ಬುಟ್ರಿ" ಎಂದರು.

ಮರುದಿನವೇ ನಾನು ಮಂಡ್ಯಕ್ಕೆ ಹೋಗಿ ಬ್ರಾಂದಿಯ ಕತೆ ಹೇಳಿದೆ. "ನಿನ್ನೆ ಯಾಕೆ ಹೇಳಲಿಲ್ಲ?" ಎಂದರು ವಕೀಲರು. ಅಷ್ಟರಲ್ಲಿ ಕಾಗದ ಹೋಗಿಯಾಗಿತ್ತು, ಉತ್ತರ ಬರಲಿ ಎಂದರು. ಸಮುದ್ರದ ಮೇಲೆ ಯುದ್ಧ, ಉತ್ತರ ಬರಲಿಲ್ಲ. ಇನ್ನೊಂದು ಬರೆದರು, ಅದಕ್ಕೂ ಬರಲಿಲ್ಲ. ಮೊದಲ ವರ್ಷ ಪೀರ್ ಸಾಬರು ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ವಕೀಲರ ಮೆಟ್ಟಿಲ ಬಳಿ ನಿಂತು ಬರುತ್ತಿದ್ದರು. ಆಮೇಲೆ ಬಿಟ್ಟರು. ಬೀಬಮ್ಮ ಹಿಟ್ಟು ನಾದುವುದನ್ನು ಬಿಡಲಿಲ್ಲ. ಒಲೆಯ ಹತ್ತಿರ ಹೋಗುವುದನ್ನು ಬಿಟ್ಟರು.

ಯುದ್ಧ ಮುಗಿದ ಮೇಲೆ ಒಂದು ಬೆಳಿಗ್ಗೆ ಜಟಕಾ ನಮ್ಮ ಬೀದಿಯಲ್ಲಿ ನಿಂತಿತು. ವಕೀಲರು ಪೆಟ್ಟಿಗೆಯನ್ನು ತಾವೇ ಹಿಡಿದು ಇಳಿದರು. ಪೀರ್ ಸಾಬರು ನನ್ನ ಮನೆಯಿಂದ ಕುರ್ಚಿ ಒಯ್ದು ಅವರನ್ನು ಕೂರಿಸಿದರು. ದೊರೆಯ ಅಕ್ಕನಿಂದ ಉತ್ತರ ಬಂದಿತ್ತು. ಓದಿ ಹೇಳಲು ಪೀರ್ ಸಾಬರು ನನಗೇ ಕೊಟ್ಟರು. "ಇದ್ದಂಗೇ ಓದ್ಬುಡಿ" ಎಂದರು.

ಓದಿದೆ. ನನ್ನ ತಮ್ಮ ಪ್ರತಿ ಕಾಗದದಲ್ಲೂ ತನ್ನ ಕಳ್ಳನ ಬಗ್ಗೆ ಬರೆಯುತ್ತಿದ್ದ, ಆ ಕಳ್ಳ ಇಲ್ಲದಿದ್ದರೆ ಹತ್ತು ವರ್ಷ ಮೊದಲೇ ಹೋಗಿಬಿಡುತ್ತಿದ್ದ, ಪೆಟ್ಟಿಗೆ ಅವನದೇ ಎಂದಿತ್ತು. ಕಳ್ಳ ಎಂಬ ಮಾತು ಬಂದಾಗಲೆಲ್ಲ ಪೀರ್ ಸಾಬರು ತಲೆದೂಗಿದರು.

ವಕೀಲರು ಕೈಮುಗಿದರು. ಲಕೋಟೆಗಳನ್ನೆಲ್ಲ ಕೊಂಡರು. ಅದೇ ವಾರ ಬೀಬಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ನರ ಬತ್ತಿಹೋಗಿದೆ, ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು. "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಪೀರ್ ಸಾಬರು ಬೀಬಮ್ಮನ ಕೈ ಹಿಡಿದು ಎಬ್ಬಿಸಿದರು.

ಮುಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಮಳವಳ್ಳಿಯಲ್ಲಿದ್ದ ಮಗಳ ಮನೆಗೆ ಹೊರಟರು. ಪೀರ್ ಸಾಬರು ಅಲ್ಲಿಯೇ ತೀರಿಕೊಂಡರೆಂದು ಆಮೇಲೆ ಕೇಳಿದೆ; ಮತ್ತೆ ನಾನು ಅವರನ್ನು ನೋಡಲಿಲ್ಲ. ಹೊರಟ ದಿನ ಬಸ್ಸಿನ ಬಳಿ ಪೀರ್ ಸಾಬರು ಗಂಟು ಹೊತ್ತು ಮೊದಲು ಹತ್ತಿದರು. ಬೀಬಮ್ಮನ ಕಾಲಿಗೆ ಮೆಟ್ಟಿಲು ಸಿಗಲಿಲ್ಲ. ನಾನು ಕೈ ಕೊಟ್ಟೆ. ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಆಕೆ ಆ ಕೈ ಬಿಡಲಿಲ್ಲ.

"ಯಾರ್ ಕೈ ಇದು?" ಎಂದು ಗಂಡನನ್ನು ಕೇಳಿದರು.

"ಮೇಷ್ಟ್ರುದು ಕಣಮ್ಮಿ."

ಆಕೆಯ ಹಿಡಿತ ಸಡಿಲವಾಗಲಿಲ್ಲ. ಬಸ್ಸು ಅಲುಗಿತು. "ಬುಡ್ರೀ ಸ್ವಾಮಿ, ಕೈ ಮುರೀತದೆ!" ಎಂದು ಕಂಡಕ್ಟರು ಕೂಗಿದ. ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಿ, ಆಕೆಯ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿಕೊಂಡೆ.